ಅಳಿಸಿಹೋದ ವಾರದ ವಚನ

ಚರ್ಚಿನ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಸೋಮವಾರ ಸುಗಂಧಿ ಟೀಚರ್ ಆ ವಾರದ ಬೈಬಲ್ ವಚನವನ್ನು ಕರಿಹಲಗೆಯ ತುಂಬ ಬರೆದರು. ಅರ್ಧ ಮೈ ಸವೆದರೂ ಸೀಮೆಸುಣ್ಣಕ್ಕೆ ಹಿಗ್ಗೋ ಹಿಗ್ಗು. ಮಾರನೆಯ ದಿನ ಮಕ್ಕಳು ವಚನ ಓದಿ ಮುಗಿಸುತ್ತಲೇ ಟೀಚರ್ ಡಸ್ಟರ್ ಹಿಡಿದು ಎರಡು ಪದ ಒರಸಿಬಿಟ್ಟರು. ಬುಧವಾರ ಇನ್ನಷ್ಟು ಹೋದವು.

"ಎಲೋ ಹೊಟ್ಟೆಬಾಕ!" ಎಂದು ಸೀಮೆಸುಣ್ಣ ಕೂಗಾಡಿತು. "ನಾನು ಮೈ ತೇದು ಬರೆದದ್ದನ್ನೆಲ್ಲ ನುಂಗುತ್ತಿದ್ದೀಯಲ್ಲ! ಶುಕ್ರವಾರ ಮಕ್ಕಳು ವಚನ ಒಪ್ಪಿಸಬೇಕು. ಏನನ್ನು ನೋಡಿ ಹೇಳುತ್ತಾರೆ?"

"ನಾನು ನುಂಗಿದ್ದು ಬರೀ ಪುಡಿ, ತಮ್ಮಾ. ವಚನ ಎಲ್ಲಿ ಹೋಯಿತೆಂದು ಶುಕ್ರವಾರ ಕೇಳು," ಎಂದಿತು ಡಸ್ಟರ್.

ಶುಕ್ರವಾರ ಹಲಗೆಯ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ. ಸೀಮೆಸುಣ್ಣ ಉಸಿರು ಬಿಗಿಹಿಡಿಯಿತು.

"ಯಾರು ಹೇಳ್ತೀರಿ?" ಎಂದರು ಟೀಚರ್.

"ನಾನು ಟೀಚರ್! ನಾನು, ನಾನು!"

ಕಡೆಗೆ ಇಡೀ ತರಗತಿಯೇ ಎದ್ದು ನಿಂತು, ಕಿಟಕಿ ಅದುರುವಂತೆ, ಒಂದು ಪದವೂ ತಪ್ಪದೆ ಹೇಳಿಬಿಟ್ಟಿತು.

ಸೀಮೆಸುಣ್ಣ ಕುಣಿದ ರಭಸಕ್ಕೆ ಹಲಗೆಯ ಅಂಚಿನಿಂದ ಉರುಳುವುದರಲ್ಲಿತ್ತು. "ಅಣ್ಣಾ, ಬೇಗ ಸೋಮವಾರ ಬರಲಿ!" ಎಂದಿತು. "ನಾನು ಬರೆಯುತ್ತೇನೆ, ನೀನು ಒಂದನ್ನೂ ಬಿಡದೆ ಒರಸು!"