ಕಾಜಾಣನ ಬಾಲ, ಬೊಮ್ಮಣ್ಣನ ಮುಷ್ಟಿ

ಲೋಕ ಇನ್ನೂ ಹಸಿಹಸಿಯಾಗಿದ್ದಾಗ ಬೆಟ್ಟಗಳಿಗೆ ನೆಟ್ಟಗೆ ಕೂರುವುದು ಗೊತ್ತಿರಲಿಲ್ಲ. ಆಗ ತಾನೇ ಹುಟ್ಟಿದ ಬೆಟ್ಟಗಳು. ಎಳೆಮಕ್ಕಳ ಹಾಗೆ ಬಿದ್ದುಕೊಂಡಿರುತ್ತಿದ್ದವು. ಬೆನ್ನು ನೊಂದರೆ ಮಗ್ಗುಲು ಬದಲಿಸುತ್ತಿದ್ದವು. ಬೆಟ್ಟ ಮಗ್ಗುಲು ಬದಲಿಸಿದರೆ ಅದರ ಬುಡದಲ್ಲಿ ಇದ್ದವರ ಗತಿ ಏನು ಅಂತ ಕೇಳಬೇಡಿ. ಹೇಳುವುದಕ್ಕೆ ಹೆಚ್ಚು ಜನ ಉಳಿಯುತ್ತಿರಲಿಲ್ಲ.

ಅಂಥ ಒಂದು ಬೆಟ್ಟದ ಹೆಸರು ದಢಿಯಪ್ಪ. ಅವನ ಬುಡದಲ್ಲಿ ಬಾಣಲೆಯಂಥ ಒಂದು ತಗ್ಗು. ತಗ್ಗಿನಲ್ಲಿ ಹನ್ನೊಂದು ಮನೆ. ಕೆಲವರು ಒಂಬತ್ತು ಎನ್ನುತ್ತಾರೆ. ಅವರು ಮುಳ್ಳುಹಂದಿಯ ಬಿಲವನ್ನೂ ಕಾಡುಕೋಳಿಯ ಪೊದೆಯನ್ನೂ ಎಣಿಸಿಲ್ಲ, ಅಷ್ಟೆ. ಆಗ ಮನುಷ್ಯರು, ಪ್ರಾಣಿಗಳು, ಹಳ್ಳ, ಬೆಟ್ಟ ಎಲ್ಲರದೂ ಒಂದೇ ಭಾಷೆ. ಭಾಷೆ ಒಂದೇ ಆದರೂ ಒಬ್ಬರ ಮಾತು ಇನ್ನೊಬ್ಬರು ಕೇಳುತ್ತಿರಲಿಲ್ಲ. ಆ ವಿಷಯದಲ್ಲಿ ಲೋಕ ಆಗಲೂ ಹಳೆಯದೇ.

ಒಮ್ಮೆ ದಢಿಯಪ್ಪ ಹೊರಳಿ ಅರ್ಧ ತಗ್ಗನ್ನು ನುಂಗಿದ. ಉಳಿದ ಈ ಹನ್ನೊಂದು ಮನೆಯವರು ಕೂತು ಒಂದು ಏರ್ಪಾಡು ಮಾಡಿಕೊಂಡರು. ಮಳೆಗಾಲಕ್ಕೆ ಮೊದಲು ಪ್ರತಿ ಮನೆಯೂ ಒಂದು ಗಂಟು ಕಟ್ಟಬೇಕು. ಅದರಲ್ಲಿ ನಾಲ್ಕು ಸೇರು ಅವಲಕ್ಕಿ, ಉಪ್ಪಿನ ಹರಳು, ಚಕಮಕಿ ಕಲ್ಲು, ಒಂದು ಹಗ್ಗ. ಗಂಟು ಬಾಗಿಲ ಒಳಗಿನ ಗೂಟದಲ್ಲಿ ನೇತಾಡಬೇಕು. ಕೂಗು ಕೇಳಿದ ಕೂಡಲೇ ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಮಕ್ಕಳು, ಎದುರು ದಿಣ್ಣೆಯ ಚಪ್ಪಟೆ ಬಂಡೆಗೆ ಓಟ.

ಕೂಗುವ ಕೆಲಸ ಕಪ್ಪು ಹಕ್ಕಿ ಕಾಜಾಣನಿಗೆ ಬಂತು. ಆಗ ಅವನಿಗೆ ತನ್ನದೇ ಒಂದು ದನಿ ಇತ್ತು, ಬೆಳ್ಳಿ ಲೋಟಕ್ಕೆ ಉಗುರು ತಾಗಿದ ಹಾಗೆ. ಬಾಲವೋ, ಬುಡದಿಂದ ತುದಿಯವರೆಗೂ ಗರಿ ತುಂಬಿದ ಉದ್ದುದ್ದ ಎರಡು ಪಟ್ಟಿ. ಎರಡರ ಮೇಲೂ ಅವನಿಗೆ ವಿಪರೀತ ಜಂಬ. ಎತ್ತರದ ಮರದ ತುದಿಯಲ್ಲಿ ಕೂತು ದಢಿಯಪ್ಪನನ್ನು ಕಾಯುತ್ತಿದ್ದ, ಮಧ್ಯೆ ಮಧ್ಯೆ ಬಾಲವನ್ನೂ ನೋಡಿಕೊಳ್ಳುತ್ತಿದ್ದ.

ಏಳು ವರ್ಷ ಬೆಟ್ಟ ಅಲುಗಲಿಲ್ಲ. ಅಲುಗಿದ್ದು ಗಂಟಿನ ಕಥೆ.

ಎರಡನೇ ವರ್ಷ, ಗಂಟು ಬೋಳಾಗಿ ಕಾಣುತ್ತದೆ ಅಂತ ಯಾರೋ ಕುಂಕುಮ ಇಟ್ಟರು. ಮೂರನೇ ವರ್ಷ ಹೂವು ಬಂತು. ನಾಲ್ಕನೇ ವರ್ಷ ದೀಪ. ಐದನೇ ವರ್ಷ ಹೆಸರು: ಗಂಟಪ್ಪ. ಆರನೇ ವರ್ಷ ಸ್ನಾನ ಮಾಡದೆ ಮುಟ್ಟಬಾರದು ಅಂತಾಯಿತು. ಏಳನೇ ವರ್ಷ, ತಗ್ಗಿಗೆಲ್ಲ ಹಿರಿಯಳಾದ ದುಗ್ಗಜ್ಜಿ, ಗಂಟಪ್ಪ ಹೊಸ್ತಿಲು ದಾಟಿದರೆ ಮನೆಗೆ ಆಗಿಬರುವುದಿಲ್ಲ ಎಂದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಮುಳ್ಳುಹಂದಿಯೂ ತನ್ನ ಬಿಲದ ಗಂಟಪ್ಪನಿಗೆ ದಿನಾ ಒಂದು ಹೂವು ಚುಚ್ಚುತ್ತಿದ್ದ.

ಆ ವರ್ಷ ಒಂಬತ್ತು ದಿನ ಮಳೆ ಬಿಡದೆ ಸುರಿಯಿತು. ಹತ್ತನೇ ದಿನ ಬೆಳಿಗ್ಗೆ, ಮಳೆ ಸುರಿಯುತ್ತಿರುವಾಗಲೇ, ಹಳ್ಳ ನಿಂತುಹೋಯಿತು. ತಗ್ಗಿನವರಿಗೆ ಖುಷಿಯೋ ಖುಷಿ. ಬರೀ ಕೈಯಲ್ಲಿ ಮೀನು ಹೆಕ್ಕಿ ಬುಟ್ಟಿ ತುಂಬಿಕೊಂಡರು.

ಕಾಜಾಣನಿಗೆ ಖುಷಿಯಾಗಲಿಲ್ಲ. ಮೇಲಕ್ಕೆ ಹಾರಿ ನೋಡಿದ. ಮಣ್ಣು ಕುಸಿದು ಹಳ್ಳದ ದಾರಿ ಮುಚ್ಚಿತ್ತು. ಅದರ ಹಿಂದೆ ಹಳ್ಳ ಉಬ್ಬಿಕೊಂಡು ಕೂತಿತ್ತು.

"ನನ್ನ ಕಟ್ಟಿಹಾಕಿದಾನೆ ಕಣೋ," ಎಂದಿತು ಹಳ್ಳ. "ಸಂಜೆವರೆಗೂ ತಡೀಲಾರೆ."

ಬೆಟ್ಟದ ನೆತ್ತಿಯಲ್ಲಿ ಒಂದು ಬಿರುಕು. ಕಾಜಾಣ ಅದರೊಳಗೆ ಬಾಲ ಇಳಿಬಿಟ್ಟು ಆಳ ನೋಡಿದ. ಪೂರ್ತಿ ಇಳಿಯಿತು.

"ದಢಿಯಪ್ಪ, ಸ್ವಲ್ಪ ತಡಿ," ಎಂದ.

"ಬೆನ್ನೆಲ್ಲ ಒದ್ದೆ," ಎಂದ ದಢಿಯಪ್ಪ, ಆಳದಿಂದ, ನಿಧಾನವಾಗಿ. "ಏಳು ವರ್ಷ ತಡೆದಿದೀನಿ. ಮಳೆ ನಿಲ್ಲೋ ಮುಂಚೆ ಹೊರಳ್ತೀನಿ."

ಕಾಜಾಣ ಮರದ ತುದಿಗೆ ಬಂದು ತನ್ನ ಬೆಳ್ಳಿ ದನಿಯಲ್ಲಿ ಕೂಗಿದ. ಮೂರು ಸಲ ಕೂಗಿದ. ಕೆಳಗೆ ಒಬ್ಬರು, "ಎಷ್ಟು ಚೆನ್ನಾಗಿ ಹಾಡ್ತಾನೆ ನೋಡಿ," ಎಂದರು.

ಮನೆಮನೆಗೂ ಹೋದ.

"ಸೂಜಿಮಾವ, ಏಳು. ಬೆಟ್ಟ ಹೊರಳ್ತಾ ಇದೆ."

ಮುಳ್ಳುಹಂದಿ ಕಣ್ಣು ಬಿಡಲಿಲ್ಲ. "ಗಂಟಿದೆಯಲ್ಲೋ."

"ಕೆಂಚಕ್ಕ, ಮಕ್ಕಳನ್ನ ಹೊರಡಿಸು."

ಕಾಡುಕೋಳಿ ಕೆಂಚಕ್ಕ ರೆಕ್ಕೆ ಇನ್ನಷ್ಟು ಹರಡಿ ಮರಿಗಳ ಮೇಲೆ ಕೂತಳು. "ಈ ಮಳೇಲಾ? ನೆಗಡಿ ಆಗತ್ತೆ. ಗಂಟಿದೆಯಲ್ಲ."

ದುಗ್ಗಜ್ಜಿ ಮೀನು ಉಜ್ಜುತ್ತಿದ್ದಳು. "ಗಂಟಿದೆಯಲ್ಲಪ್ಪ," ಎಂದಳು.

"ಅಜ್ಜೀ, ಗಂಟು ಇರೋದು ಎತ್ಕೊಂಡು ಓಡೋದಕ್ಕೆ."

"ದೇವರನ್ನ ಎತ್ಕೊಂಡು ಯಾರಾದ್ರೂ ಓಡ್ತಾರೇನೋ? ಹೊಟ್ಟೆ ಹಸಿದಿದ್ರೆ ಒಂದು ಮೀನು ತಿಂದು ಹೋಗು."

ಕಾಜಾಣ ಮರಕ್ಕೆ ವಾಪಸು ಬಂದ. ಆಗ ಕೆಂಚಕ್ಕನ ಮರಿಯೊಂದು ಪೊದೆಯಿಂದ ಉರುಳಿ ಕೆಸರಿನಲ್ಲಿ ಚಿಯ್ ಎಂದಿತು. ನೆಗಡಿಗೆ ಹೆದರುವ ಕೆಂಚಕ್ಕ ಮಳೆಗೆ ಧುಮುಕಿ ಅದನ್ನು ಎತ್ತಿಕೊಂಡು ಬಂದಳು. ಕಾಜಾಣ ಅದನ್ನು ನೋಡಿದ. ಆಮೇಲೆ ನೇರ ಬಂಡೆಗೆ ಹಾರಿ, ಗಂಟಲು ಸಣ್ಣದು ಮಾಡಿ, "ಚಿಯ್" ಎಂದ.

ಕೆಂಚಕ್ಕ ಮರಿಗಳನ್ನು ಎಣಿಸಿದಳು. ಅವಳ ಎಣಿಕೆ ಮೂರರವರೆಗೆ ಮಾತ್ರ, ಆಮೇಲೆ ಬಹಳ. ಬಹಳದಲ್ಲಿ ಒಂದು ಕಡಿಮೆ ಇದ್ದರೆ ಹೇಗೆ ಗೊತ್ತಾಗಬೇಕು? ಎಲ್ಲವನ್ನೂ ಹಿಂದೆ ಕಟ್ಟಿಕೊಂಡು ದಿಣ್ಣೆ ಹತ್ತಿದಳು.

ಮುಂದೆ ಸೂಜಿಮಾವ. ಅವನ ಹೆಂಡತಿ ಹಳ್ಳದಲ್ಲಿ ಏಡಿ ಹಿಡಿಯುತ್ತಿದ್ದಳು. ಕಾಜಾಣ ಬಂಡೆಯ ಮೇಲಿನಿಂದ ಅವಳ ದನಿ ತೆಗೆದ. "ರೀ, ಎಷ್ಟೊತ್ತು ಬಿದ್ದಿರ್ತೀರಿ? ಈ ಬುಟ್ಟಿ ನಿಮ್ಮ ತಾತ ಹೊರ್ತಾನಾ?"

ಸೂಜಿಮಾವ ನಿದ್ದೆಗಣ್ಣಿನಲ್ಲೇ ದಿಣ್ಣೆ ಹತ್ತತೊಡಗಿದ. ಗಂಡ ಹೇಳಿಸಿಕೊಳ್ಳದೆ ಎದ್ದು ಎಲ್ಲಿಗೋ ಹೋಗುತ್ತಿರುವುದನ್ನು ಕಂಡು ಹೆಂಡತಿಗೆ ಅನುಮಾನ ಬಂದು, ಅವಳೂ ಹಿಂದೆಯೇ ಹತ್ತಿದಳು.

ಉಳಿದದ್ದು ಮನುಷ್ಯರ ಒಂಬತ್ತು ಮನೆ. ಅವರನ್ನು ಯಾರ ದನಿಯಲ್ಲಿ ಕರೆಯುವುದು? ಕಾಜಾಣ ದುಗ್ಗಜ್ಜಿಯ ಹುಲ್ಲುಮಾಡಿನಲ್ಲಿ ತೂತು ಮಾಡಿ ಒಳಗಿಳಿದು ಗಂಟಿನ ಹಿಂದೆ ಅಡಗಿ ಕೂತ. ಗಂಟಪ್ಪನ ದನಿ ಹೇಗಿರುತ್ತದೋ ಅವನಿಗೂ ಗೊತ್ತಿರಲಿಲ್ಲ. ಬೆಟ್ಟದ ದನಿಯನ್ನೇ ತೆಗೆದುಕೊಂಡ.

"ದುಗ್ಗೀ."

ಅಜ್ಜಿಯ ಕೈಯಿಂದ ಮೀನು ಜಾರಿತು.

"ನಂಗೆ ಇಲ್ಲಿ ನೇತಾಡಿ ನೇತಾಡಿ ಸಾಕಾಗಿದೆ. ಬಂಡೆ ಮೇಲೆ ಕೂರಿಸು."

"ಹೊಸ್ತಿಲು ದಾಟಬಾರದು ಅಂತ ಕಟ್ಟಳೆ ಇದೆಯಲ್ಲ ಸ್ವಾಮಿ."

"ಯಾರು ಮಾಡಿದ್ದು?"

"ನಾನೇ."

"ನನ್ನನ್ನ ಕೇಳಿದ್ಯಾ?"

ದುಗ್ಗಜ್ಜಿ ಕೇಳಿರಲಿಲ್ಲ. ಗಂಟು ಇಳಿಸಿದಳು. "ಸ್ನಾನ ಮಾಡಿ ಬರ್ಲಾ?"

"ಮಳೇಲಿ ಆಗತ್ತೆ. ಮಕ್ಕಳನ್ನೆಲ್ಲ ಕರ್ಕೊ. ಓಡು."

"ದೇವರ ಮೆರವಣಿಗೇಲಿ ಓಡಬಾರದಲ್ಲ?"

"ಈ ದೇವರದ್ದರಲ್ಲಿ ಓಡ್ತಾರೆ."

ಹೀಗೆ ಎಂಟು ಮನೆಗಳಲ್ಲಿ ಎಂಟು ಗಂಟಪ್ಪಂದಿರು ಮಾತಾಡಿದರು. ಎಂಟು ಮನೆಯವರು ಗಂಟು ತಲೆಯ ಮೇಲಿಟ್ಟುಕೊಂಡು ದಿಣ್ಣೆ ಹತ್ತಿದರು.

ಒಂಬತ್ತನೆಯದು ಬೊಮ್ಮಣ್ಣನ ಮನೆ. ಬೊಮ್ಮಣ್ಣನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕಾಜಾಣ ಗಂಟಪ್ಪನಾಗಿ ಕರೆದ, ಅವನ ಸತ್ತ ತಾಯಿಯಾಗಿ ಕರೆದ, ಬೆಳ್ಳಿ ದನಿಯಲ್ಲೂ ಕರೆದ. ಬೊಮ್ಮಣ್ಣ ಒಲೆಗೆ ಬೆನ್ನು ಕೊಟ್ಟು ಕೂತು ಸುಟ್ಟ ಮೀನಿನ ಮುಳ್ಳು ಬಿಡಿಸುತ್ತಿದ್ದ. ಹೊರಗೆ ಮರಗಳು ಒಂದೊಂದಾಗಿ ವಾಲತೊಡಗಿದ್ದವು.

ದನಿಯ ಕೆಲಸ ಮುಗಿಯಿತು. ಕಾಜಾಣ ಒಮ್ಮೆ ತನ್ನ ಬಾಲ ನೋಡಿಕೊಂಡ. ಆಮೇಲೆ ಬೊಮ್ಮಣ್ಣನ ಕೈಯಲ್ಲಿದ್ದ ಮೀನನ್ನು ಕಚ್ಚಿಕೊಂಡು, ಬಾಲವನ್ನು ಅವನ ಮೂಗಿನ ಮುಂದೆ ಆಡಿಸಿದ.

ಬೊಮ್ಮಣ್ಣ ಎರಡು ಕೈಯಲ್ಲೂ ಬಾಲದ ಬುಡ ಹಿಡಿದ. ಕಾಜಾಣ ಹಾರಿದ. ಬಿಡಿಸಿಕೊಳ್ಳಲು ಹಾರಲಿಲ್ಲ, ಬಿಟ್ಟುಹೋಗದಷ್ಟೇ ನಿಧಾನಕ್ಕೆ, ನೆಲ ಮುಟ್ಟದಷ್ಟೇ ಎತ್ತರಕ್ಕೆ ಹಾರಿದ. ಮೀನಿಗಾಗಿ ಬೊಮ್ಮಣ್ಣ ಬಾಗಿಲು ದಾಟಿದ, ಹಳ್ಳ ದಾಟಿದ, ದಿಣ್ಣೆ ಹತ್ತಿದ. ಹೆಜ್ಜೆಹೆಜ್ಜೆಗೂ ಮುಷ್ಟಿ ಜಾರುತ್ತಿತ್ತು, ಜಾರಿದಲ್ಲೆಲ್ಲ ಗರಿ ಕಿತ್ತು ಬರುತ್ತಿತ್ತು. ಮುಷ್ಟಿ ಬಾಲದ ತುದಿಗೆ ಬರುವ ಹೊತ್ತಿಗೆ ಬಂಡೆ ಬಂತು. ಬೊಮ್ಮಣ್ಣ ಎಡವಿ ಬಂಡೆಯ ಮೇಲೆ ಬಿದ್ದ, ಮುಷ್ಟಿ ಬಿಚ್ಚಿತು.

ಹಿಂದೆ ದಢಿಯಪ್ಪ ಮಗ್ಗುಲು ಬದಲಿಸಿದ.

ಹಳ್ಳ ಕಟ್ಟೆ ಒಡೆದು ಬಂತು. ಬಾಣಲೆ ತುಂಬಿತು. ಮನೆಗಳಿದ್ದ ಕಡೆ ಕೆಂಪು ಮಣ್ಣು, ಅದರ ಮೇಲೆ ತಲೆಕೆಳಗಾದ ಒಂದು ಮೀನಿನ ಬುಟ್ಟಿ.

ತಲೆ ಎಣಿಸಿದರು. ಎಲ್ಲರೂ ಇದ್ದರು. ಹಸಿವಾಗಿ ಗಂಟು ಬಿಚ್ಚಿದರು. ಏಳು ವರ್ಷದ ಅವಲಕ್ಕಿ ಹುಡಿಯಾಗಿ, ಹುಡಿಯಲ್ಲಿ ಹುಳು ಓಡಾಡುತ್ತಿತ್ತು. ಉಪ್ಪು, ಕಲ್ಲು, ಹಗ್ಗ ಚೆನ್ನಾಗಿದ್ದವು.

"ಗಂಟಪ್ಪನೇ ಕಾಪಾಡಿದ," ಎಂದರು ಯಾರೋ. ಎಲ್ಲರೂ ತಲೆಯಾಡಿಸಿದರು.

ಅದು ನಾನು ಎಂದು ಹೇಳಲು ಕಾಜಾಣ ಬಾಯಿ ತೆರೆದ. ಚಿಯ್ ಎಂದಿತು. ಕೆಂಚಕ್ಕ ಓಡಿಬಂದಳು. ಮತ್ತೆ ತೆರೆದ. "ರೀ," ಎಂದಿತು. ಸೂಜಿಮಾವ ಎದ್ದು ನಿಂತ. ಮತ್ತೆ ತೆರೆದ. ಬೆಟ್ಟದ ದನಿ ಬಂತು, ಎಲ್ಲರೂ ಕೈಮುಗಿದರು. ಬೆಳ್ಳಿ ದನಿಯನ್ನು ಗಂಟಲಲ್ಲೆಲ್ಲ ಹುಡುಕಿದ. ಎಷ್ಟೋ ದನಿಗಳ ಅಡಿಯಲ್ಲಿ ಅದು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು.

ಕೈಮುಗಿಯದವಳು ದುಗ್ಗಜ್ಜಿ ಒಬ್ಬಳೇ. ಅವಳು ಕಾಜಾಣನ ಬೋಳು ಬಾಲ ನೋಡಿದಳು. ಬೊಮ್ಮಣ್ಣನ ಅಂಗೈಗೆ ಅಂಟಿದ್ದ ಕಪ್ಪು ಗರಿ ನೋಡಿದಳು. ತನ್ನ ಗಂಟಿನ ಹುಡಿಯಿಂದ ದಪ್ಪ ದಪ್ಪ ಹುಳುಗಳನ್ನು ಆರಿಸಿ ಎಲೆಯ ಮೇಲಿಟ್ಟು ಅವನ ಮುಂದೆ ಸರಿಸಿದಳು.

"ತಿನ್ನಪ್ಪ ಗಂಟಪ್ಪ," ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ.

ಮಾರನೇ ವರ್ಷ ದಿಣ್ಣೆಯ ಮೇಲೆ ಹೊಸ ಮನೆಗಳಾದವು. ಗಂಟು ಪ್ರತಿ ವರ್ಷ ಮಳೆಗೆ ಮೊದಲು ಬಿಚ್ಚಿ ತಿಂದು ಹೊಸದು ಕಟ್ಟಬೇಕು ಎಂದು ಅಜ್ಜಿ ಕಟ್ಟಳೆ ಮಾಡಿದಳು. ಹೊಸ್ತಿಲ ಕಟ್ಟಳೆಯನ್ನು ಮಾತ್ರ ತೆಗೆಯಲಿಲ್ಲ, ಅವಳಿಗೂ ಮರ್ಯಾದೆ ಇದೆ. ಗೂಟವನ್ನೇ ಹೊಸ್ತಿಲ ಆಚೆಗೆ ಹೊಡೆಸಿದಳು.

ಈಗಲೂ ಬೆಟ್ಟದ ಕಾಡಿಗೆ ಹೋದರೆ ಒಂದೇ ಮರದಿಂದ ಕೋಳಿ ಕೂಗುತ್ತದೆ, ಗಿಡುಗ ಕೂಗುತ್ತದೆ, ಬೆಕ್ಕೂ ಕೂಗುತ್ತದೆ. ತಲೆಯೆತ್ತಿ ನೋಡಿದರೆ ಕಾಣುವುದು ಕಪ್ಪು ಹಕ್ಕಿ ಒಂದೇ, ಅದರ ಬಾಲದಲ್ಲಿ ಬೋಳು ದಾರ ಎರಡು, ದಾರದ ತುದಿಯಲ್ಲಿ ಬೊಮ್ಮಣ್ಣನ ಮುಷ್ಟಿಗೆ ಸಿಗದೆ ಉಳಿದ ಚೂರು ಚೂರು ಗರಿ.