ಟೈಗರ್ ಯಾರ ಮಾತು ಕೇಳಬೇಕು?

ಹೊನ್ನೂರಪ್ಪ ನಾಯಿಗಳನ್ನು ಪಳಗಿಸುವ ಕೆಲಸ ಶುರುಮಾಡಿ ಮೂರೇ ತಿಂಗಳಾಗಿತ್ತು. ಇದ್ದದ್ದು ನಾಲ್ಕೇ ನಾಯಿ. ಅಂದರೆ ಒಂದು ಕೈತಪ್ಪಿದರೂ ದೊಡ್ಡ ಪೆಟ್ಟೇ.

ನಾಲ್ಕನೆಯದು ನಿವೃತ್ತ ಇಂಜಿನಿಯರ್ ಶಂಭುಲಿಂಗಯ್ಯನವರ ಟೈಗರ್. ಒಂದು ಬೆಳಿಗ್ಗೆ ಹೊನ್ನೂರಪ್ಪನ ಎದುರೇ ಸಾಹೇಬರು "ಕೂತ್ಕೋ" ಎಂದು ಗುಡುಗಿದರು. ಟೈಗರ್ ಆಕಳಿಸಿತು. ಅಂಗಳ ಗುಡಿಸುತ್ತಿದ್ದ ಹನುಮಕ್ಕ "ಕೂತ್ಕೊಳ್ಳೋ" ಎಂದಳು. ತಕ್ಷಣ ಕೂತಿತು.

"ಕೆಲಸದವಳ ಮಾತು ಕೇಳುತ್ತೆ, ನನ್ನ ಮಾತು ಕೇಳಲ್ವಾ? ನಾಯಿ ನನಗೊಬ್ಬನಿಗೇ ಬಗ್ಗಬೇಕು. ಇಲ್ಲಾಂದ್ರೆ ಈ ಬಡಾವಣೇಲಿ ನಿನಗೆ ಒಂದು ನಾಯೀನೂ ಸಿಗದ ಹಾಗೆ ಮಾಡ್ತೀನಿ!"

ಹೊನ್ನೂರಪ್ಪನಿಗೆ ಮೈಯೆಲ್ಲ ಉರಿಯಿತು. ಟೈಗರ್‌ಗೆ ಅನ್ನ ಹಾಕುವವಳು, ಮೈ ತೊಳೆಯುವವಳು, ಹೇಲು ಬಾಚುವವಳು ಹನುಮಕ್ಕ. ನಾಯಿ ಅವಳ ಮಾತು ಕೇಳದೆ ಇನ್ಯಾರ ಮಾತು ಕೇಳಬೇಕು? ಆದರೂ ತಣ್ಣಗೆ ಹೇಳಿದ: "ಆಗಲಿ ಸಾಹೇಬ್ರೆ. ಒಂದು ತಿಂಗಳು ಹನುಮಕ್ಕ ಟೈಗರ್ ಹತ್ತಿರ ಬರೋದು ಬೇಡ. ಅವಳು ಮಾಡೋದನ್ನೆಲ್ಲ ನೀವೇ ಮಾಡಿ. ಎಲ್ಲಾನೂ."

ಮರುದಿನದಿಂದ ಬಡಾವಣೆಯವರು ಗೇಟಿಗೆ ಬಂದು ನಿಂತು ನೋಡತೊಡಗಿದರು. ಟೈಗರ್ ನಿಂತರೆ ಸಾಹೇಬರು ನಿಲ್ಲುತ್ತಿದ್ದರು, ಓಡಿದರೆ ಕಸದ ಮೊರ ಹಿಡಿದು ಹಿಂದೆಯೇ ಓಡುತ್ತಿದ್ದರು.

ವಾರದೊಳಗೆ ಎದುರುಮನೆಯ ಗಿರಿಜಮ್ಮ ಹೊನ್ನೂರಪ್ಪನನ್ನು ಕರೆದರು.

"ನಮ್ಮ ಯಜಮಾನರನ್ನೂ ಹೀಗೇ ಪಳಗಿಸಿ ಕೊಡ್ತೀಯೇನಪ್ಪ? ನಾಯಿ ಬೇಕು ಅಂದ್ರೆ ಇವತ್ತೇ ತರ್ತೀವಿ."