ಮದಲೇನಮ್ಮ ಕೇಳಿದ ಎಡಗಾಲು

ಬಹಳ ಹಿಂದೆ, ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಬಂಡೆಗುಡ್ಡದ ಕೆಳಗೆ ಒಂದು ಊರಿತ್ತಂತೆ. ಊರಿಗೊಂದು ಪುಟ್ಟ ಚರ್ಚು, ಚರ್ಚಿಗೊಬ್ಬರು ಸ್ವಾಮಿಗಳು, ಊರವರ ಹುಣ್ಣು, ಕುರು, ಮುಳ್ಳು ನೋಡುವುದಕ್ಕೆ ಮದಲೇನಮ್ಮ ಅನ್ನೋ ಮುದುಕಿ. ಅವಳು ಮುಟ್ಟಿದರೆ ಮುರಿದ ಮೂಳೆ ತಾನಾಗಿ ಕೂಡುತ್ತಿತ್ತಂತೆ. ಬೈದರೆ ಜ್ವರ ಬಿಟ್ಟು ಓಡುತ್ತಿತ್ತಂತೆ. ಮೊದಲನೆಯದು ನನಗೆ ಗೊತ್ತಿಲ್ಲ, ಎರಡನೆಯದನ್ನು ಮಾತ್ರ ನಂಬುತ್ತೇನೆ. ಅಂಥ ಬಾಯಿ ಅವಳದು.

ಅದೇ ಊರಲ್ಲಿ ಚೌರಪ್ಪ ಅಂತ ಒಬ್ಬ ಭಕ್ತನಿದ್ದ. ಗಂಟೆ ಹೊಡೆಯುವ ಮೊದಲೇ ಚರ್ಚಿನ ಬಾಗಿಲಲ್ಲಿ ಹಾಜರು. ಜಪಮಾಲೆ ಕೈ ಬಿಟ್ಟಿದ್ದೇ ಇಲ್ಲವಂತೆ. ಆದರೆ ಅವನ ತಲೆಗೆ ಒಂದು ಹುಳ ಹೊಕ್ಕಿತ್ತು. ನನ್ನ ವಿಶ್ವಾಸ ನಿಜವೋ, ಬರೀ ರೂಢಿಯೋ? ಸ್ವಾಮಿಗಳನ್ನು ಕೇಳಿದ, ರಾಗಿ ಬೀಸುವ ಹೆಂಡತಿಯನ್ನು ಕೇಳಿದ, ದನ ಹೊಡೆದುಕೊಂಡು ಹೋಗುವವರನ್ನು ನಿಲ್ಲಿಸಿ ಕೇಳಿದ. ನಿಜ ಕಣಪ್ಪ ಅಂದರೂ ನಂಬಲಿಲ್ಲ. ದಿನಾ ಬಂದು ಮದಲೇನಮ್ಮನ ಜಗಲಿ ಮೇಲೆ ಕೂತು ಅದೇ ರಾಗ. ಅವಳಿಗೆ ಸಾಕುಸಾಕಾಗಿ ಹೋಗಿತ್ತು.

"ಲೋ, ಹುಣ್ಣಿದ್ರೆ ತೋರ್ಸು, ಇಲ್ದಿದ್ರೆ ಎದ್ದೋಗು," ಅನ್ನುತ್ತಿದ್ದಳಂತೆ.

ಒಂದು ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಅವನು ಬರುವುದು ನಿಂತಿತು. ಸದ್ಯ, ಪೀಡೆ ತೊಲಗಿತು ಅಂದುಕೊಂಡಳು. ಆಮೇಲೆ ಅವನ ಹೆಂಡತಿ ಅಳುತ್ತಾ ಬಂದಳು. ಎಡಗಾಲಿಗೆ ಜಾಲಿಮುಳ್ಳು ಮುರಿದಿದೆ, ಕಾಲು ಊದಿದೆ, ಮೈ ಕೆಂಡ ಆಗಿದೆ, ಹತ್ತಿರ ಬಿಡುತ್ತಿಲ್ಲ. ಬರೀ ಪ್ರಾರ್ಥನೆಯಿಂದ ವಾಸಿಯಾದರೆ ತನ್ನ ವಿಶ್ವಾಸ ನಿಜ, ಮದಲೇನಮ್ಮನಿಗೆ ತೋರಿಸಿದರೆ ಸುಳ್ಳು ಅಂತ ಹಟ ಹಿಡಿದು ಕೂತಿದ್ದಾನೆ!

ಮದಲೇನಮ್ಮ ಹಣೆ ಚಚ್ಚಿಕೊಂಡಳಂತೆ. ಹೋದಳು, ಬಾಗಿಲು ಬಡಿದಳು, ಬೈದಳು, ಬಂದಳು. ಮತ್ತೆ ಹೋದಳು, ಬಡಿದಳು, ಬೈದಳು, ಬಂದಳು. ಒಳಗಿಂದ ದೇವರು ನೋಡಿಕೊಳ್ಳುತ್ತಾನೆ ಅನ್ನುವ ಉತ್ತರ. ನೋಡಿಕೊಳ್ಳಲಿ ಅಂತಲೇ ತಾನೇ ನನ್ನನ್ನು ಇಲ್ಲಿ ಇಟ್ಟಿರುವುದು ಅಂತ ಗೊಣಗುತ್ತಾ ಬೇರು ಕುಟ್ಟಿದಳು. ಕೋಪದಲ್ಲಿ ಕುಟ್ಟಿ ಕುಟ್ಟಿ ಒರಳೇ ಬಿರುಕು ಬಿಟ್ಟಿತಂತೆ.

ಪವಿತ್ರ ಗುರುವಾರ ಬಂತು. ಅವತ್ತು ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ ಸ್ವಾಮಿಗಳು ಹನ್ನೆರಡು ಗಂಡಸರ ಬಲಗಾಲು ತೊಳೆಯುವುದು ಪದ್ಧತಿ. ನಮ್ಮವರ ಬುದ್ಧಿ ನೋಡಿ, ಬೆಂಚಿನ ಮೇಲೆ ಕೂರುವ ಹನ್ನೆರಡೂ ಜನ ಬೆಳಗಿನಿಂದ ಸೀಗೆಪುಡಿ ಹಾಕಿ, ಇಟ್ಟಿಗೆ ಚೂರಲ್ಲಿ ಉಜ್ಜಿ, ಬಲಗಾಲನ್ನು ಫಳಫಳ ಹೊಳೆಸಿಕೊಂಡು ಬರುತ್ತಿದ್ದರಂತೆ. ಸ್ವಾಮಿಗಳಿಗೆ ತೊಳೆಯುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ.

ಆ ವರ್ಷದ ಹನ್ನೆರಡು ಜನರಲ್ಲಿ ಚೌರಪ್ಪನೂ ಒಬ್ಬ, ಜ್ವರದಲ್ಲೇ ಕುಂಟುತ್ತಾ ಬಂದು ಕೂತಿದ್ದ. ನೀರಿನ ಬಿಂದಿಗೆ ಹೊರುವ ಕೆಲಸ ಮದಲೇನಮ್ಮನದು. ಚೌರಪ್ಪನ ಮುಂದೆ ಬಂದಾಗ ಸಾಂಬ್ರಾಣಿ ಹೊಗೆಯನ್ನೂ ಮೀರಿ ಅವಳ ಮೂಗಿಗೆ ಕೀವಿನ ವಾಸನೆ ಹೊಡೆಯಿತು. ತೊಳೆದ ಬಲಗಾಲು ಮುಂದಿತ್ತು. ಬಟ್ಟೆ ಸುತ್ತಿದ ಎಡಗಾಲು ಬೆಂಚಿನ ಕೆಳಗೆ ಅಡಗಿತ್ತು. ಇನ್ನು ತಡವಾದರೆ ಕಾಲು ಹೋಗುತ್ತದೆ, ಕಾಲಿನ ಹಿಂದೆ ಜೀವವೂ ಹೋಗುತ್ತದೆ ಅಂತ ಅವಳಿಗೆ ಗೊತ್ತಾಯಿತು. ಹೆದರಿಕೆಯಾಯಿತು. ಹೆದರಿಕೆಯಾದಾಗ ಅವಳಿಗೆ ಬರುತ್ತಿದ್ದದ್ದು ಸಿಟ್ಟೇ. ಬಿಂದಿಗೆಯನ್ನು ಧಡ್ಡನೆ ಇಟ್ಟಳು.

"ಆ ಕಾಲಲ್ಲ. ಎಡಗಾಲು ಕೊಡು."

"ಬ್ಯಾಡ ದೊಡ್ಡವ್ವ," ಅಂದ ಚೌರಪ್ಪ, ಕಾಲನ್ನು ಇನ್ನೂ ಒಳಗೆಳೆದುಕೊಳ್ಳುತ್ತಾ. "ವಾಸಿ ಆಗ್ಲಿಲ್ಲ ಅಂತ ಊರೆಲ್ಲ ನೋಡ್ತದೆ. ನಂದು ಸುಳ್ಳು ಅಂತ ಗೊತ್ತಾಗೋಯ್ತದೆ."

"ಅಯ್ಯೋ ನಿನ್ನ! ಕಾಲು ತೊಳಿಯಕ್ಕೆ ಅಂತ ದೇವ್ರೇ ನಿನ್ ಮುಂದೆ ಬಗ್ಗವ್ನೆ. ನೀನು ಚೆಂದಾಗಿರೋ ಕಾಲ್ನ ಕೊಟ್ಟು ಕೊಳೀತಿರೋದ್ನ ಬಚ್ಚಿಟ್ಕಂಡಿದ್ದೀಯಲ್ಲೋ! ನಂಬಿರೋನು ಮಾಡೋ ಕೆಲ್ಸವೇನೋ ಇದು?"

ಚೌರಪ್ಪ ಎಡಗಾಲನ್ನು ಮೆಲ್ಲಗೆ ಮುಂದೆ ತಂದ. ಮಂಡಿಯೂರಿದ್ದ ಸ್ವಾಮಿಗಳೇ ಬಟ್ಟೆ ಬಿಚ್ಚಿ ನೀರು ಹಾಕಿದರು. ಮದಲೇನಮ್ಮ ಸೆರಗಿಗೆ ಸಿಕ್ಕಿಸಿದ್ದ ಸೂಜಿ ತೆಗೆದು ಮುಳ್ಳು ಕಿತ್ತಳು.

"ನೋಯ್ತದೆ ದೊಡ್ಡವ್ವ," ಅಂತ ಅವನು ಮಗುವಿನ ಹಾಗೆ ಅತ್ತನಂತೆ.

ಆ ಮುಳ್ಳು ಗೇಣುದ್ದ ಇತ್ತು ಅನ್ನುತ್ತಾರೆ. ಚರ್ಚಿನ ಅಂಗಳದಲ್ಲಿ ಬಿಸಾಡಿದರೆ ಚಿಗುರಿತು ಅಂತಲೂ ಅನ್ನುತ್ತಾರೆ. ಅನ್ನುವವರ ಬಾಯಿ ಹಿಡಿಯುವವರು ಯಾರು? ಕಾಲು ಉಳಿಯಿತು, ಕುಂಟು ಹೋಗಲಿಲ್ಲ. ನಡೆಯುವ ಹಾಗಾದ ಮೇಲೆ ಚೌರಪ್ಪ ಮತ್ತೆ ಜಗಲಿಗೆ ಬಂದು, ಈಗಲಾದರೂ ಹೇಳು, ನನ್ನ ವಿಶ್ವಾಸ ನಿಜ ತಾನೇ ಅಂತ ಕೇಳಿದನಂತೆ. ಅವಳು ಕುಟ್ಟಾಣಿ ಎಸೆದಳು. ಪುಣ್ಯಕ್ಕೆ ಅವನು ಬಗ್ಗಿದ.

ಮದಲೇನಮ್ಮ ಹೋಗಿ ಎಷ್ಟೋ ಕಾಲವಾಯಿತು. ಆ ಊರಲ್ಲಿ ಈಗಲೂ ಪವಿತ್ರ ಗುರುವಾರ ಬಿಂದಿಗೆ ಹೊರುವುದು ಒಬ್ಬ ಮುದುಕಿಯೇ. ಸ್ವಾಮಿಗಳು ಬಗ್ಗುವ ಮೊದಲು ಅವಳು ಒಬ್ಬೊಬ್ಬರನ್ನೂ, "ನೋಯೋ ಕಾಲು ಯಾವ್ದು?" ಅಂತ ಕೇಳುತ್ತಾಳೆ. ಒಡೆದ ಹಿಮ್ಮಡಿ, ಉಗುರುಸುತ್ತು, ಹೊಲದ ಕೆಸರು, ಇದ್ದದ್ದು ಇದ್ದ ಹಾಗೆ ಮುಂದೆ ಬರುತ್ತದೆ. ಇವತ್ತಿಗೂ ಯಾರಾದರೊಬ್ಬ ಕದ್ದು ತೊಳೆದುಕೊಂಡು ಬಂದು, ನನಗೆ ಯಾವುದೂ ನೋಯುವುದಿಲ್ಲ ಅನ್ನುತ್ತಾನೆ. ಅವನ ಮುಂದೆ ಮುದುಕಿ ಬಿಂದಿಗೆಯನ್ನು ಸೊಂಟಕ್ಕೇರಿಸಿ, ಅವನು ಹೇಳುವವರೆಗೂ ನಿಂತೇ ಇರುತ್ತಾಳೆ.